ಬಸ್ಸಿನಲ್ಲಿ ಕಳೆದ ಮೊಬೈಲ್, ನಾಲ್ಕು ತಾಲೂಕಿನ ಸರಹದ್ದು: ನಮ್ಮ ಜಿಲ್ಲೆಯ ಪೊಲೀಸ್ ಸೇವೆ ಕಂಡಂತೆ

ಕಳೆದ ಮಳೆಗಾಲದಲ್ಲಿ ನನ್ನ ತಾಯಿ ಶಿರಸಿಯಿಂದ ಕುಮಟಾ ಮಾರ್ಗವಾಗಿ ಕಾರವಾರಕ್ಕೆ ಬರುತ್ತಿದ್ದಾಗ ಅವರ ಮೊಬೈಲ್ ಕಳೆದುಹೋಯಿತು. ದೇವಿಮನೆ ಘಟ್ಟ ಇಳಿದು ಕುಮಟಾ ನಿಲ್ದಾಣದಲ್ಲಿ ಬಸ್ ಬದಲಿಸುವ ಮುನ್ನ ಅವರು ನನಗೆ ಕರೆ ಮಾಡಿದ್ದರು. ಕಾರವಾರದಲ್ಲಿ ಇಳಿದು ಚೀಲಕ್ಕೆ ಕೈಹಾಕಿದರೆ ಕೊಡೆ, ಮಾತ್ರೆಯ ಡಬ್ಬಿ, ಕನ್ನಡಕ ಎಲ್ಲವೂ ಇದ್ದವು, ಮೊಬೈಲ್ ಮಾತ್ರ ಇರಲಿಲ್ಲ. ಯಾರಾದರೂ ಎಗರಿಸಿದರೋ, ಸೀಟಿನ ಸಂದಿಗೆ ಜಾರಿತೋ ಅವರಿಗೂ ತಿಳಿಯಲಿಲ್ಲ. ಆ ದಿನದಿಂದ ಮೊಬೈಲ್ ಮರಳಿ ಕೈಸೇರುವವರೆಗಿನ ಸುಮಾರು ಏಳು ವಾರಗಳಲ್ಲಿ ಪೊಲೀಸ್ ಇಲಾಖೆಯ ಸೇವೆಯನ್ನು ತೀರಾ ಹತ್ತಿರದಿಂದ ನೋಡಿದ್ದೇನೆ. ಇದೇ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋದ ಠಾಣೆಯ ಅನುಭವ ಚೆನ್ನಾಗಿರಲಿಲ್ಲ. ಯಾವ ಠಾಣೆ ಎಂದು ಹೇಳುವುದಿಲ್ಲ, ಏಕೆಂದರೆ ಆ ಉತ್ತರ ಬೇರೆ ಠಾಣೆಯಲ್ಲಿ ಬಂದಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಮೇಜಿನ ಆಚೆಗಿದ್ದವರು ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: 'ಎಲ್ಲಿ ಕಳೆದದ್ದು?' ಬಸ್ಸಿನಲ್ಲಿ ಎಂದೆವು. 'ಬಸ್ಸು ಆಗ ಎಲ್ಲಿತ್ತು?' ಇದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಶಿರಸಿಯಿಂದ ಹೊರಟ ಪ್ರಯಾಣಿಕರು ಕುಮಟಾ, ಅಂಕೋಲಾ ತಾಲೂಕುಗಳನ್ನು ದಾಟಿ ಕಾರವಾರ ಸೇರುವಷ್ಟರಲ್ಲಿ ಎಷ್ಟು ಠಾಣೆಗಳ ಸರಹದ್ದು ಹಾಯ್ದಿರುತ್ತಾರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. 'ಕುಮಟಾದಲ್ಲಿ ಇತ್ತು ಅಂತೀರಿ, ಹಾಗಾದರೆ ಅಲ್ಲಿಗೇ ಹೋಗಿ ಕೊಡಿ' ಎಂಬ ಮಾತಿನೊಂದಿಗೆ ನಮ್ಮ ಅರ್ಜಿ ನಮ್ಮ ಕೈಗೇ ಬಂತು. ಎಪ್ಪತ್ತು ದಾಟಿದ ನನ್ನ ತಾಯಿ ಅಷ್ಟು ಹೊತ್ತೂ ನಿಂತೇ ಇದ್ದರು. ಪಕ್ಕದಲ್ಲಿ ಎರಡು ಖಾಲಿ ಕುರ್ಚಿಗಳಿದ್ದವು.

ಕಾನೂನು ಹೇಳುವುದು ಹೀಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿಯನ್ನು ಅದು ಯಾವ ಪ್ರದೇಶದಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಕೊಡಬಹುದು. ಜನ ಇದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಠಾಣೆಯಲ್ಲಿ ನಿರಾಕರಿಸಿದರೆ ಅದೇ ಮಾಹಿತಿಯನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ಆದರೆ ನಮ್ಮದು ಕಳವೋ, ಕಳೆದುಹೋದದ್ದೋ ಸ್ಪಷ್ಟವಿರಲಿಲ್ಲ. ಕಳವು ಅಪರಾಧ, ಕಳೆದುಹೋಗುವುದು ಅಪರಾಧವಲ್ಲ; ಆದ್ದರಿಂದ ಎಫ್‌ಐಆರ್ ಆಗಲೇಬೇಕೆಂದು ನಾವು ಪಟ್ಟು ಹಿಡಿಯುವಂತಿರಲಿಲ್ಲ. ನಾವು ಕೇಳಿದ್ದು, ಅರ್ಜಿ ಪಡೆದದ್ದಕ್ಕೆ ಠಾಣೆ ಬರೆದುಕೊಡುವ ಒಂದು ಹಿಂಬರಹ ಮಾತ್ರ. ಅರ್ಜಿ ಪಡೆದು, ಸರಹದ್ದಿನ ಲೆಕ್ಕವನ್ನು ಇಲಾಖೆಯ ಒಳಗೇ ಸರಿಪಡಿಸಿಕೊಳ್ಳಲು ಏನು ಅಡ್ಡಿಯಿತ್ತೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಈ ಸರಹದ್ದಿನ ಸ್ವಭಾವ ಹಳೆಯದು. 1857ರ ದಂಗೆಯ ನಂತರ ಬ್ರಿಟಿಷರು ರೂಪಿಸಿದ 1861ರ ಪೊಲೀಸ್ ಕಾಯ್ದೆ, ಪ್ರಾಂತ್ಯಕ್ಕೊಬ್ಬ ಇನ್‌ಸ್ಪೆಕ್ಟರ್ ಜನರಲ್, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್ ಎಂಬ ಏಣಿಯನ್ನು ಕಟ್ಟಿತು. ಆ ಏಣಿಯ ಕೆಳಗಿನ ಮೆಟ್ಟಿಲು ಠಾಣೆ. ಅದಕ್ಕೂ ಮೊದಲು 1859ರಲ್ಲೇ ಮದ್ರಾಸ್ ಪ್ರಾಂತ್ಯಕ್ಕೆ ಇಂಥದ್ದೇ ಕಾಯ್ದೆ ಬಂದಿತ್ತು, ಆಗ ನಮ್ಮ ಉತ್ತರ ಕನ್ನಡವೂ ಸೇರಿದ್ದ ಕೆನರಾ ಮದ್ರಾಸಿನ ಅಡಿಯಲ್ಲೇ ಇತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು, ಬಳಿಕ 1963ರ ಪೊಲೀಸ್ ಕಾಯ್ದೆಯ ಅಡಿಗೆ ಬಂತು. ಹೀಗೆ ನೂರು ವರ್ಷಗಳಲ್ಲಿ ಮೂರು ಸರ್ಕಾರಗಳ ಪೊಲೀಸರನ್ನು ಕಂಡ ಜಿಲ್ಲೆ ನಮ್ಮದು. ಟೋಪಿ, ಬಿಲ್ಲೆ, ಮೇಲಧಿಕಾರಿಯ ಊರು ಬದಲಾದವು. ಇಂದು ಜಿಲ್ಲೆಯ ವರಿಷ್ಠಾಧಿಕಾರಿ ಕಾರವಾರದಲ್ಲಿದ್ದರೆ, ಅವರ ಮೇಲಿನ ಪಶ್ಚಿಮ ವಲಯದ ಇನ್‌ಸ್ಪೆಕ್ಟರ್ ಜನರಲ್ (ಐಜಿಪಿ) ಮಂಗಳೂರಿನಲ್ಲಿದ್ದಾರೆ. ಠಾಣೆ ಎಂಬ ಘಟಕ, ಅದರ ಗಡಿ, ಆ ಗಡಿಯ ಒಳಗಿನ ಅಪರಾಧಗಳ ಸಂಖ್ಯೆಯ ಮೇಲೆ ಅದರ ಕೆಲಸವನ್ನು ಅಳೆಯುವ ರೂಢಿ ಹಾಗೆಯೇ ಉಳಿದಿವೆ. ತನ್ನ ಲೆಕ್ಕಕ್ಕೆ ಒಂದು ಪ್ರಕರಣ ಕಡಿಮೆಯಾದರೆ ಒಳ್ಳೆಯದೆಂದು ಠಾಣೆ ಭಾವಿಸುವಂತೆ ವ್ಯವಸ್ಥೆಯೇ ಮಾಡಿದೆ.

ನಮ್ಮ ದೇಶಕ್ಕೆ ಒಂದೇ ರಾಷ್ಟ್ರೀಯ ಪೊಲೀಸ್ ಪಡೆ ಎಂಬುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಸಿಬಿಐ, ಸಿಆರ್‌ಪಿಎಫ್, ಎನ್‌ಐಎ ಇವೆಲ್ಲ ಕೇಂದ್ರದವು, ಆದರೆ ಮೊಬೈಲ್ ಕಳೆದುಕೊಂಡ ಹೆಂಗಸಿನ ಅರ್ಜಿ ಪಡೆಯುವ ಕೆಲಸ ಅವುಗಳದ್ದಲ್ಲ. ರಾಜ್ಯಗಳ ಪೊಲೀಸರನ್ನು ಮೇಲಿನಿಂದ ಹೊಲಿದಿರುವುದು ಐಪಿಎಸ್ ಎಂಬ ಅಖಿಲ ಭಾರತ ಸೇವೆ. ಕೆಳಗಿನಿಂದ ಹೊಲಿಯುವ ಕೆಲಸ ತಡವಾಗಿ ಶುರುವಾಯಿತು. 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಯೋಜನೆಯ ಉದ್ದೇಶ ದೇಶದ ಠಾಣೆಗಳ ದಾಖಲೆಗಳನ್ನು ಒಂದೇ ಜಾಲಕ್ಕೆ ತರುವುದು. ನಮಗೆ ನೆರವಾದದ್ದು ಕಳೆದ ಮೊಬೈಲನ್ನು ತಡೆದು ಪತ್ತೆಹಚ್ಚಲು ನೆರವಾಗುವ ದೂರಸಂಪರ್ಕ ಇಲಾಖೆಯ ಇನ್ನೊಂದು ಜಾಲ, ಅದರ ಹೆಸರು ಸಿಇಐಆರ್. 2023ರ ಮೇ ತಿಂಗಳಲ್ಲಿ ಅದು ದೇಶದಾದ್ಯಂತ ಜನರ ಬಳಕೆಗೆ ಬಂತು.

ಮರುದಿನ ಬೇರೊಂದು ಠಾಣೆಗೆ ಹೋದೆವು. ಅಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮೊದಲು ತಾಯಿಗೆ ಕುರ್ಚಿ ಎಳೆದು ಕೊಟ್ಟರು, ಆಮೇಲೆ ಕಾಗದ ತೆಗೆದರು. ತಾಯಿ ಹೇಳಿದ್ದನ್ನು ಕೇಳುತ್ತ ಅವರೇ ಬರೆದುಕೊಂಡರು. ಸ್ಥಳದ ಮಾತು ಬಂದಾಗ 'ಕುಮಟಾ ಬಸ್ ನಿಲ್ದಾಣದಿಂದ ಕಾರವಾರ ಬಸ್ ನಿಲ್ದಾಣದ ನಡುವೆ ಪ್ರಯಾಣದಲ್ಲಿರುವಾಗ' ಎಂದು ಬರೆದರು. ಹಿಂದಿನ ದಿನ ಇಡೀ ಅರ್ಜಿಯನ್ನೇ ಹಿಂದಿರುಗಿಸಿದ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿತ್ತು. ಬರೆದು ಮುಗಿಸಿ ಪೂರ್ತಿ ಓದಿ ಹೇಳಿದರು. 'ಚೀಲದ ಬಣ್ಣ ಕೆಂಪಲ್ಲ, ಕುಂಕುಮದ ಬಣ್ಣ' ಎಂದು ತಾಯಿ ತಿದ್ದಿದಾಗ, ಕೆಂಪು ಎಂಬುದನ್ನು ಹೊಡೆದುಹಾಕಿ ತಿದ್ದಿ ಬರೆದರು. ಹಿಂಬರಹ ಕೈಗೆ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಸಿಇಐಆರ್ ಬಗ್ಗೆ ಕೆಲವು ವಿಷಯಗಳನ್ನು ಎಲ್ಲರೂ ಮೊದಲೇ ತಿಳಿದಿರಬೇಕು. ಅದರ ಜಾಲತಾಣದಲ್ಲಿ ಅರ್ಜಿ ತುಂಬಲು ಠಾಣೆಯ ಹಿಂಬರಹದ ಜೊತೆಗೆ ಮೊಬೈಲಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. ಎರಡು ಸಿಮ್ ಇರುವ ಮೊಬೈಲಿಗೆ ಎರಡು ಸಂಖ್ಯೆಗಳಿರುತ್ತವೆ. ಮೊಬೈಲ್ ಕೊಂಡಾಗಿನ ಡಬ್ಬಿಯ ಮೇಲೆ ಅವು ಅಚ್ಚಾಗಿರುತ್ತವೆ. ಕೈಯಲ್ಲಿರುವಾಗ *#06# ಒತ್ತಿದರೂ ಕಾಣುತ್ತವೆ. ನನ್ನ ತಾಯಿ ಆ ಡಬ್ಬಿಯಲ್ಲಿ ಗುಂಡಿ, ದಾರ ಇಟ್ಟುಕೊಂಡಿದ್ದರಿಂದ ಅದು ಉಳಿದಿತ್ತು. ಅರ್ಜಿಗೆ ಓಟಿಪಿ ಬೇಕಾಗುವುದರಿಂದ ಮೊದಲು ಅದೇ ಸಂಖ್ಯೆಯ ಬದಲಿ ಸಿಮ್ ಪಡೆಯಬೇಕು, ಆದರೆ ಬದಲಿ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಹೀಗಾಗಿ ಹಿಂಬರಹ ಮತ್ತು ಬದಲಿ ಸಿಮ್ ಎರಡನ್ನೂ ಒಂದೇ ದಿನ ಮಾಡಿಸಿಕೊಳ್ಳುವುದು ಉತ್ತಮ. ನಮಗೆ ಮೊದಲ ಠಾಣೆಯಲ್ಲಿ ವ್ಯರ್ಥವಾದ ದಿನದಿಂದ ಆದ ನಿಜವಾದ ನಷ್ಟ ಇದೇ: ಅರ್ಜಿ ಸಲ್ಲಿಸುವುದು ತಡವಾಯಿತು. ಅರ್ಜಿ ಸೇರಿದ ಬಳಿಕ ಮೊಬೈಲ್ ದೇಶದ ಯಾವ ಕಂಪನಿಯ ಜಾಲದಲ್ಲೂ ನಡೆಯದಂತೆ ತಡೆಯಲಾಗುತ್ತದೆ. ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಆ ಮಾಹಿತಿ ಪೊಲೀಸರಿಗೆ ತಲುಪುತ್ತದೆ.

ಆರನೇ ವಾರದಲ್ಲಿ ಅದೇ ಹೆಡ್ ಕಾನ್‌ಸ್ಟೆಬಲ್ ಕರೆ ಮಾಡಿದರು. ಗೋವಾದಲ್ಲಿ ಒಬ್ಬರು ಆ ಮೊಬೈಲಿಗೆ ಸಿಮ್ ಹಾಕಿದ್ದರು. ವಿಚಾರಿಸಿದಾಗ ರಸ್ತೆ ಬದಿಯಲ್ಲಿ ಕಡಿಮೆ ಬೆಲೆಗೆ ಕೊಂಡದ್ದೆಂದು ತಿಳಿಸಿ, ಕೊರಿಯರ್ ಮೂಲಕ ಠಾಣೆಗೆ ಕಳುಹಿಸಿಕೊಟ್ಟರು. ಗಡಿಯ ಊರು ಮಾಜಾಳಿ ದಾಟಿದರೆ ರಾಜ್ಯ ಬೇರೆ, ಪೊಲೀಸರೂ ಬೇರೆ. ಆ ಗಡಿಯನ್ನು ಒಂದು ಫೋನ್ ಕರೆ ದಾಟಿತು. ನಮ್ಮದೇ ಜಿಲ್ಲೆಯ ಎರಡು ತಾಲೂಕುಗಳ ನಡುವಿನ ಗಡಿಯನ್ನು ಮೊದಲ ಠಾಣೆಯಲ್ಲಿ ನಮ್ಮ ಅರ್ಜಿ ದಾಟಲಾಗಲಿಲ್ಲ ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಮೊಬೈಲ್ ಕೊಳ್ಳುವವರಿಗೂ ಒಂದು ಮಾತು: ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರ ಐಎಂಇಐ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಮೊಬೈಲಿನ ಸ್ಥಿತಿ ತಿಳಿಯುತ್ತದೆ. ಗೋವಾದ ಆ ವ್ಯಕ್ತಿ ಹೀಗೆ ನೋಡಿದ್ದರೆ ಅವರ ಹಣ ಉಳಿಯುತ್ತಿತ್ತು.

ಸೇವೆಗೆ ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ, ಜಾಲಕ್ಕೆ ನಾಲ್ಕೂವರೆ, ಎರಡನೇ ಠಾಣೆಗೆ ಐದು, ಮೊದಲ ಠಾಣೆಗೆ ಒಂದು ಕೊಡುತ್ತೇನೆ. ಜಾಲಕ್ಕೆ ಅರ್ಧ ಅಂಕ ಕಡಿಮೆ ಮಾಡಿದ್ದು, ಅರ್ಜಿ ತುಂಬುವುದು ನನ್ನ ತಾಯಿಯಂಥವರಿಗೆ ಒಬ್ಬರೇ ಮಾಡಲಾಗದ ಕೆಲಸ ಎಂಬ ಕಾರಣಕ್ಕೆ. ಠಾಣೆಗಳಲ್ಲಿ ಇದಕ್ಕೆಂದೇ ಒಬ್ಬರು ಕುಳಿತಿದ್ದರೆ ಎಷ್ಟೋ ಹಿರಿಯರಿಗೆ ಅನುಕೂಲವಾದೀತು. ಮಗ, ಮಗಳು ದೂರದ ಬೆಂಗಳೂರಿನಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆಗಳು ನಮ್ಮ ಘಟ್ಟದ ಮೇಲೂ ಕೆಳಗೂ ಹೆಚ್ಚಾಗುತ್ತಿರುವಾಗ ಇದು ಸಣ್ಣ ಬೇಡಿಕೆಯಲ್ಲ.

ಮೊಬೈಲ್ ಪಡೆಯಲು ಠಾಣೆಗೆ ಹೋದ ದಿನ ತಾಯಿ ಪುಸ್ತಕದಲ್ಲಿ ಸಹಿ ಮಾಡಿ, ಮೊಬೈಲನ್ನು ತಿರುಗಿಸಿ ನೋಡಿ, ಹಿಂಬದಿಯ ಗೀರನ್ನು ಬೆರಳಿನಿಂದ ಮುಟ್ಟಿ 'ನಮ್ದೇ' ಎಂದರು. ತಡೆಯನ್ನು ತೆಗೆಸಲು ಅದೇ ಜಾಲತಾಣದಲ್ಲಿ ಮತ್ತೊಂದು ಕೋರಿಕೆ ಸಲ್ಲಿಸಬೇಕು, ಇಲ್ಲದಿದ್ದರೆ ಮೊಬೈಲ್ ಕೈಯಲ್ಲಿದ್ದರೂ ನಡೆಯುವುದಿಲ್ಲ. ಅದಕ್ಕೆ ಬೇಕಾದ ಕೋರಿಕೆ ಸಂಖ್ಯೆಯನ್ನು ಆ ಹೆಡ್ ಕಾನ್‌ಸ್ಟೆಬಲ್ ಹಿಂಬರಹದ ಹಿಂಬದಿಯಲ್ಲಿ ಮೊದಲೇ ಬರೆದಿಟ್ಟಿದ್ದರು.