ಕೊಪ್ಪಳದಲ್ಲಿ ಕೂತು ಸಮುದ್ರದ ಪ್ಲ್ಯಾಂಕ್ಟನ್ ನೋಡೋಕೆ ಯಾವ ನಕ್ಷೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯುರೋಪಿನ ಸಮುದ್ರ ಮಾಹಿತಿ ಸೇವೆಯಾದ ಕೋಪರ್ನಿಕಸ್ ಮರೀನ್‌ನ ಮುನ್ಸೂಚನೆ ನಕ್ಷೆಗೆ. ಪ್ಲ್ಯಾಂಕ್ಟನ್ ಅಂತ ನಾನಿಲ್ಲಿ ಹೇಳುವುದು ನೀರಲ್ಲಿ ತೇಲುವ, ಗಿಡಗಳಂತೆ ಬೆಳಕಿನಿಂದ ಬೆಳೆಯುವ ಸೂಕ್ಷ್ಮಜೀವಿಗಳಿಗೆ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು ನಾನು. ಅವರ ಪ್ರಾಜೆಕ್ಟಿಗೆ ಅಂತ ಉಪಗ್ರಹದ ನಕ್ಷೆ, ದುಡ್ಡು ಕೊಟ್ಟು ತೆಗೆದುಕೊಂಡ ಒಂದು ಆ್ಯಪ್, ಈ ಮುನ್ಸೂಚನೆ, ಮೂರನ್ನೂ ಬಳಸಿ ನೋಡಿದೆ.

ನಾಸಾದ ಉಪಗ್ರಹ ಚಿತ್ರಗಳ ಜಾಲತಾಣ ವರ್ಲ್ಡ್‌ವ್ಯೂ ತೆರೆದು ಕ್ಲೋರೋಫಿಲ್ (ಪ್ಲ್ಯಾಂಕ್ಟನ್‌ನ ಹಸಿರು ಬಣ್ಣ) ನಕ್ಷೆ ಹಾಕಿದರೆ, ಉಪಗ್ರಹ ಸಮುದ್ರದ ಬಣ್ಣ ಅಳೆದದ್ದು ಕಾಣುತ್ತದೆ. ಫೆಬ್ರವರಿಯಲ್ಲಿ ಓಮನ್ ಕಡೆಯ ಹಸಿರು ಸುಳಿಗಳನ್ನು ತೋರಿಸಿದರೆ ಮಕ್ಕಳು ಫೋನ್ ವಾಪಸ್ ಕೊಡುವುದಿಲ್ಲ. ಚಳಿಗಾಲದ ಒಣಗಾಳಿಗೆ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಆಗ ಆಳದ ನೈಟ್ರೇಟ್, ಅಂದರೆ ಪ್ಲ್ಯಾಂಕ್ಟನ್‌ಗೆ ಗೊಬ್ಬರ, ಮೇಲೆ ಬರುತ್ತದೆ. ಬೆಳಕಂತೂ ಇದ್ದೇ ಇದೆ, ಪ್ಲ್ಯಾಂಕ್ಟನ್ ಹುಲುಸಾಗಿ ಬೆಳೆಯುತ್ತದೆ.

ತಕರಾರು ಇರುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಸೊಮಾಲಿಯಾ, ಓಮನ್ ಕರಾವಳಿಯ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ, ಗೊಬ್ಬರವನ್ನೂ ಹೊತ್ತುಕೊಂಡು. ಕೇರಳ, ಕರ್ನಾಟಕದ ಕರಾವಳಿಯಲ್ಲೂ ನೀರು ಏರುವುದು ಆಗಲೇ. ವರ್ಷದಲ್ಲಿ ನೋಡಲೇಬೇಕಾದ ಕಾಲ ಅದು. ಆದರೆ ಅದೇ ಗಾಳಿ ಮೋಡವನ್ನೂ ತರುತ್ತದೆ ಅಲ್ವಾ?

ಮೋಡದ ಕೆಳಗಿನ ನೀರಿನ ಬಣ್ಣ ಉಪಗ್ರಹಕ್ಕೆ ಕಾಣುವುದಿಲ್ಲ. ಜುಲೈನಲ್ಲಿ ನಮ್ಮ ಕರಾವಳಿಯತ್ತ ಹೋದರೆ ನಕ್ಷೆ ಬರೀ ಖಾಲಿ. ಹಲವು ದಿನಗಳ ಚಿತ್ರ ಸೇರಿಸಿದರೂ ತೂತುಗಳು ಉಳಿಯುತ್ತವೆ. 2024ರಲ್ಲಿ ಹಾರಿಸಿದ ಪೇಸ್ ಉಪಗ್ರಹ ಬಣ್ಣಗಳನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತದೆ, ಮೋಡದ ಮುಂದೆ ಅದರದ್ದೂ ಇದೇ ಪಾಡು. ನಮ್ಮ ಪ್ರಾಜೆಕ್ಟ್ ನಡೆಯುವುದೇ ಜುಲೈ, ಆಗಸ್ಟ್‌ನಲ್ಲಿ. ಖಾಲಿ ನಕ್ಷೆ ಹಿಡಿದು ಮಕ್ಕಳಿಗೆ ಏನು ಹೇಳಲಿ?

ಆ್ಯಪ್? ತೂತುಗಳಿಗೆ ಹಳೆಯ ಸರಾಸರಿ ತುಂಬಿ, ಅದನ್ನು ಹೇಳದೆ ತೋರಿಸುತ್ತಿತ್ತು. ತಿಂಗಳ ಹಣ ಕಟ್ಟುವುದನ್ನು ನಿಲ್ಲಿಸಿದೆ.

ಕೋಪರ್ನಿಕಸ್‌ನದ್ದು ಲೆಕ್ಕ ಹಾಕಿದ ನಕ್ಷೆ. ನೀರಿನ ಪ್ರವಾಹ, ಬೆಳಕು, ನೈಟ್ರೇಟ್, ಫಾಸ್ಫೇಟ್, ಕಬ್ಬಿಣ ಎಲ್ಲ ಸೇರಿಸಿ 10 ದಿನ ಮುಂದಿನದನ್ನು ಹೇಳುತ್ತದೆ. ಮೋಡದ ಹಂಗಿಲ್ಲ, ಆಳಕ್ಕೂ ಇಳಿದು ನೋಡಬಹುದು, ಪುಕ್ಕಟೆ. ಒಂದೊಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 28 ಕಿ.ಮೀ. ಕಾರವಾರದ ಕೊಲ್ಲಿಯನ್ನು ಅದರಲ್ಲಿ ಹುಡುಕಬೇಡಿ.

ನನಗೆ ಇದು ಇಷ್ಟವಾಗಿದ್ದು ಬಂಗಾಳ ಕೊಲ್ಲಿಯಿಂದ. ಗಾಳಿ ಜೋರಿದ್ದರೆ ಪ್ಲ್ಯಾಂಕ್ಟನ್ ಜಾಸ್ತಿ ಅಂತ ಮಕ್ಕಳು ಸುಮ್ನೆ ಬರೆದುಬಿಡುತ್ತಾರೆ. ಅಲ್ಲಿ ಮುಂಗಾರು ಗಾಳಿ ಇದ್ದರೂ ಹಸಿರು ಕಮ್ಮಿ. ಗಂಗಾ, ಬ್ರಹ್ಮಪುತ್ರದಂಥ ನದಿಗಳ ಸಿಹಿನೀರು ಸಾರಿನ ಮೇಲಿನ ಎಣ್ಣೆಯಂತೆ ಮೇಲೆಯೇ ನಿಂತು, ಆಳದ ಗೊಬ್ಬರ ಏರಲು ಬಿಡುವುದಿಲ್ಲ. (ನಮ್ಮ ತುಂಗಭದ್ರೆಯೂ ಕೃಷ್ಣೆ ಸೇರಿ ಹೋಗುವುದು ಅಲ್ಲಿಗೇ.) ಉಪ್ಪಿನಂಶ, ನೈಟ್ರೇಟ್, ಕ್ಲೋರೋಫಿಲ್ ನಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಇದು ತಾನಾಗಿ ತಿಳಿಯುತ್ತದೆ.

ಹಾಗಂತ ಲೆಕ್ಕವನ್ನೇ ಪೂರ್ತಿ ನಂಬುವುದಿಲ್ಲ. ಮೋಡ ಸರಿದ ದಿನ ವರ್ಲ್ಡ್‌ವ್ಯೂ ಜೊತೆ ತಾಳೆ ನೋಡುತ್ತೇವೆ. ನೀವು ನಿಜವಾಗಿ ದೋಣಿ ಇಳಿಸುವವರಾದರೆ ಇದ್ಯಾವುದೂ ಬೇಡ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಮೀನು ಸಿಗುವ ಜಾಗದ ಸೂಚನೆ ತೆಗೆದುಕೊಳ್ಳಿ.