ಮಾಳಿಗೆ ಮೇಲಿನ ಸೋಲಾರೋ, ಕಲ್ಲಿದ್ದಲ ಕರೆಂಟೋ?

ವಿಜಯಪುರದ ನಮ್ಮ ಓಣಿಯಲ್ಲಿ ಈಗ ಇದೇ ಮಾತು. ಬಿಲ್ ಎಷ್ಟು ಉಳಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ ಅಲ್ವಾ?

ನಮ್ಮ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ್ದು 2,400 ಮೆಗಾವಾಟ್. ಕಲ್ಲಿದ್ದಲು ರಾತ್ರಿಯೂ ಕರೆಂಟ್ ಕೊಡುತ್ತದೆ, ಅದು ದೊಡ್ಡ ಗುಣ. ಆದರೆ ನಮ್ಮ ದೇಶದ ಕಲ್ಲಿದ್ದಲು ನೂರು ಕೆಜಿ ಸುಟ್ಟರೆ ಮೂವತ್ತು ನಲವತ್ತು ಕೆಜಿ ಬೂದಿ ಉಳಿಯುತ್ತದೆ. ಮುಟ್ಟಿದರೆ ಗಿರಣಿಯ ಹಿಟ್ಟಿನಷ್ಟು ನುಣುಪು. ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ದಮ್ಮು, ಹೃದಯದ ಕಾಯಿಲೆ ಜಾಸ್ತಿಯಾಗುತ್ತವೆ. ಒಂದು ಯೂನಿಟ್‌ಗೆ ಸುಮಾರು ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಬೇರೆ. ತಂಪು ಮಾಡಲು ನೀರೂ ಬೇಕು. ಕೂಡಗಿಗೆ ಅದು ಆಲಮಟ್ಟಿಯಿಂದ ಬರುತ್ತದೆ.

ಸೋಲಾರ್ ಸುಮ್ನೆ ಬಿಸಿಲಲ್ಲಿ ಬಿದ್ದಿರುತ್ತದೆ. ಪ್ಯಾನೆಲ್ ತಯಾರಿಕೆಯ ಹೊಗೆ ಸೇರಿಸಿದರೂ ಯೂನಿಟ್‌ಗೆ ಸುಮಾರು 50 ಗ್ರಾಂ ಅಷ್ಟೇ. ಮೂರು ಕಿಲೋವಾಟ್‌ಗೆ 300 ಚದರಡಿ ಜಾಗ ಸಾಕು, ದಿನಕ್ಕೆ ಹನ್ನೆರಡು ಯೂನಿಟ್ ಆಸುಪಾಸು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ.

ಒಂದು ತಕರಾರು: ಬ್ಯಾಟರಿ ಇಲ್ಲದ ಸೋಲಾರ್, ಲೈನ್ ಹೋದರೆ ತಾನೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನವೂ ಫ್ಯಾನ್ ತಿರುಗುವುದಿಲ್ಲ! ಆದರೂ ನನ್ನ ವೋಟು ಮಾಳಿಗೆಗೇ. ನಮ್ಮೂರಿನ ಧೂಳಿಗೆ ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ಒರೆಸಬೇಕು, ಬೆಳಿಗ್ಗೆ ಬಿಸಿಲೇರುವ ಮುಂಚೆ.