ಕಾರ್ಯಾಗಾರ, ಪೆನ್‌ಡ್ರೈವ್, ಪಕ್ಕದ ಕುರ್ಚಿ: ಮೇಷ್ಟ್ರುಗಳಿಗೆ ಮುಕ್ತ ಪಠ್ಯ ಮುಟ್ಟಿಸಲು ನಾನು ಹಿಡಿದ ಮೂರು ದಾರಿ

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಹೋದ ಎರಡು ವರ್ಷದಲ್ಲಿ ಒಂದೇ ಕೆಲಸಕ್ಕೆ ಮೂರು ದಾರಿ ಹಿಡಿದು ನೋಡಿದೆ. ಕೆಲಸ ಇಷ್ಟೇ. ಸಿಲಬಸ್ ಬದಲಾದಾಗಲೆಲ್ಲ ನಮ್ಮವರು ಮೊದಲಿನಿಂದ ನೋಟ್ಸ್ ಬರೆಯುತ್ತಾ ಕೂರುತ್ತಾರೆ. ಅದರ ಬದಲು, ಯಾರೋ ಆಗಲೇ ಚೆನ್ನಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಪಾಠವನ್ನು ಎತ್ತಿಕೊಂಡು, ನಮ್ಮ ಹುಡುಗರಿಗೆ ಹೊಂದುವ ಹಾಗೆ ತಿದ್ದಿ ಬಳಸಬೇಕು.

2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂತು, ಜೊತೆಗೆ ನಾಲ್ಕು ವರ್ಷದ ಡಿಗ್ರಿ. 2024-25ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿ, ಮತ್ತೆ ಹೊಸ ಸಿಲಬಸ್. ಎರಡು ಸಲವೂ ಸ್ಟಾಫ್ ರೂಮಿನಲ್ಲಿ ಅದೇ ಕಥೆ: ಹಾಸನದಲ್ಲಿ ಒಬ್ಬರು, ಚನ್ನರಾಯಪಟ್ಟಣದಲ್ಲಿ ಒಬ್ಬರು, ಹೊಳೆನರಸೀಪುರದಲ್ಲಿ ಇನ್ನೊಬ್ಬರು, ಎಲ್ಲರೂ ಒಂದೇ ಯೂನಿಟ್‌ಗೆ ರಾತ್ರಿ ಹನ್ನೊಂದರವರೆಗೆ ಕೂತು ಬೇರೆ ಬೇರೆ ನೋಟ್ಸ್ ಬರೆಯುವುದು, ಅದು ಬೆಳಿಗ್ಗೆ ಜೆರಾಕ್ಸ್ ಅಂಗಡಿಗೆ ಹೋಗುವುದು. ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಷ್ಟ. ಯಾವ ಪೇಪರ್ ಕೊಡುತ್ತಾರೆ ಅನ್ನೋದು ಅವರಿಗೆ ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ಇದನ್ನು ನೋಡಿ ನನಗೆ ನಿಜಕ್ಕೂ ಸಂಕಟ ಆಗುತ್ತಿತ್ತು.

ಮೊದಲು ಹಿಡಿದ ದಾರಿ ಕಾರ್ಯಾಗಾರ. ಸೆಮಿನಾರ್ ಹಾಲ್, ಬ್ಯಾನರ್, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟ್. ಇಂಥ ಮುಕ್ತ ಪಾಠಸಾಮಗ್ರಿಗೆ ಇರುವ ಒಇಆರ್ (ಓಪನ್ ಎಜುಕೇಶನಲ್ ರಿಸೋರ್ಸಸ್) ಅನ್ನುವ ಹೆಸರು 2002ರ ಯುನೆಸ್ಕೋ ಸಭೆಯಲ್ಲಿ ಹುಟ್ಟಿದ್ದು, 2019ರಲ್ಲಿ ಯುನೆಸ್ಕೋ ಅದಕ್ಕೊಂದು ಶಿಫಾರಸನ್ನೇ ಒಪ್ಪಿಕೊಂಡಿದ್ದು, ತಮ್ಮ ಬರಹವನ್ನು ಹೇಗೆ ಬಳಸಬಹುದು ಅಂತ ಬರೆದವರೇ ಮೊದಲೇ ಹೇಳಿಬಿಡುವ ಕ್ರಿಯೇಟಿವ್ ಕಾಮನ್ಸ್‌ನ (ಸಿಸಿ) ಆರು ಬಗೆಯ ಪರವಾನಗಿ, ಎಲ್ಲ ಹೇಳಿದೆ. ಜನ ಕೇಳಿದರು. ಆದರೆ ಮಾರನೇ ದಿನ ಹತ್ತು ಗಂಟೆಯ ಕ್ಲಾಸಿಗೆ ಅದರಲ್ಲಿ ಏನೂ ಇರಲಿಲ್ಲ. ತಿಂಗಳಾದ ಮೇಲೆ ವಿಚಾರಿಸಿದೆ. ಬಳಸಿದವರು ಇಬ್ಬರು.

ಆದರೂ ಆ ದಿನ ದಂಡ ಅಂತ ನಾನು ಹೇಳುವುದಿಲ್ಲ. ಹಿರಿಯ ಮೇಷ್ಟ್ರೊಬ್ಬರು ಎದ್ದು, "ಮೇಡಂ, ಬೇರೆಯವರು ಬರೆದದ್ದನ್ನ ತಗೊಂಡು ನಮ್ಮದು ಅಂತ ಪಾಠ ಮಾಡಿದರೆ ಕಾಪಿ ಹೊಡೆದ ಹಾಗೆ ಅಲ್ವಾ?" ಎಂದರು. ಎಲ್ಲರ ಮನಸ್ಸಿನಲ್ಲೂ ಇದ್ದ ಮಾತು ಅದು. ನಾವೆಲ್ಲ ನೆಟ್ ಇಲ್ಲ, ಪ್ರೊಜೆಕ್ಟರ್ ಕೆಟ್ಟಿದೆ ಅಂತ ಹೇಳಿಕೊಳ್ಳುತ್ತೇವೆ, ಅದೂ ನಿಜವೇ, ಆದರೆ ಅದರ ಕೆಳಗೆ ಇರುವುದು ಈ ಅಳುಕು. ನಾನು ಹೇಳಿದ್ದು: ನಮ್ಮದು ಅಂತ ಹೇಳಿಕೊಂಡರೆ ಅದು ಕಾಪಿಯೇ ಸಾರ್. ಇವರು ಬರೆದದ್ದು, ನಾನು ಇಷ್ಟು ತಿದ್ದಿದ್ದೇನೆ ಅಂತ ಕೆಳಗೆ ಬರೆದರೆ, ಬರೆದವರೇ ಕೊಟ್ಟ ಅನುಮತಿಯನ್ನು ಬಳಸಿದ ಹಾಗೆ. ಪ್ರಿನ್ಸಿಪಾಲರು ಅಲ್ಲೇ ಕೂತು ತಲೆ ಆಡಿಸಿದ್ದು ನನ್ನ ಮಾತಿಗಿಂತ ಜಾಸ್ತಿ ಕೆಲಸ ಮಾಡಿತು.

ಎರಡನೇ ದಾರಿ ಪಟ್ಟಿ. ಒಳ್ಳೊಳ್ಳೆಯ ಲಿಂಕ್‌ಗಳನ್ನೆಲ್ಲ ಒಟ್ಟು ಮಾಡಿ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಬ್ಬೆರಳು ಬಂತು, ನಮಸ್ಕಾರದ ಕೈ ಬಂತು, ಅಷ್ಟೇ. ಆಮೇಲೆ ಅದನ್ನೇ ಪೆನ್‌ಡ್ರೈವ್‌ಗೆ ತುಂಬಿ ವಿಭಾಗಕ್ಕೊಂದು ಕೊಟ್ಟೆ. ಇದು ಲಿಂಕ್‌ಗಿಂತ ಎಷ್ಟೋ ವಾಸಿ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಕಂಪ್ಯೂಟರ್ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳನ್ನು, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ, ಕೆಲವು ಕನ್ನಡದಲ್ಲೂ ಇವೆ. ನಮ್ಮ ಲ್ಯಾಬಿನಲ್ಲಿ ಸಿಗ್ನಲ್ ಸಿಗುವುದು ಕಿಟಕಿ ಪಕ್ಕ ಮಾತ್ರ, ಹಾಗಾಗಿ ಇದು ದೊಡ್ಡ ಅನುಕೂಲ.

ಪೆನ್‌ಡ್ರೈವ್ ನಿಜವಾಗಿ ಗೆದ್ದದ್ದು ಕಂಪ್ಯೂಟರ್ ವಿಭಾಗದಲ್ಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅವರಿಗೆ ಹಿಡಿಸಿತು. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು. ಅರ್ಧ ಪರದೆಯಲ್ಲಿ ವಿಡಿಯೋ, ಇನ್ನರ್ಧದಲ್ಲಿ ಹುಡುಗರೇ ಮಾಡಿ ನೋಡುವುದು. ಕನ್ನಡ ಧ್ವನಿ ಇರುವ ಪಾಠಗಳೂ ಇವೆ. ಆಲೂರು, ಅರಕಲಗೂಡು ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಲಿನಕ್ಸ್ ಅಂದರೆ ಹೆದರುತ್ತಿದ್ದರು, ಕನ್ನಡದಲ್ಲಿ ಕೇಳಿದ ಮೇಲೆ ತಾವೇ ಟೈಪ್ ಮಾಡತೊಡಗಿದರು. ಇದರಿಂದ ನನಗೆ ತಿಳಿದದ್ದು: ತಿದ್ದದೆ ಹಾಗೇ ಬಳಸಬಹುದಾದ ಸಾಮಗ್ರಿ ಇದ್ದರೆ ಪೆನ್‌ಡ್ರೈವ್ ಸಾಕು. ತಿದ್ದಬೇಕು ಅಂದ ಕೂಡಲೇ ಸಾಕಾಗುವುದಿಲ್ಲ. ಮುಕ್ತ ಪಠ್ಯಪುಸ್ತಕ ತರುವ ಓಪನ್‌ಸ್ಟ್ಯಾಕ್ಸ್‌ನ ಸಾವಿರ ಪುಟಗಳ ಹತ್ತಿರದ ಪುಸ್ತಕವನ್ನು ಸುಮ್ನೆ ಕೈಗೆ ಕೊಟ್ಟು "ಬಳಸಿ" ಅಂದರೆ, ಪಾಪ, ಅವರಾದರೂ ಎಲ್ಲಿಂದ ಶುರು ಮಾಡುತ್ತಾರೆ?

ಮೂರನೇ ದಾರಿ ಪಕ್ಕದ ಕುರ್ಚಿ. ಒಬ್ಬರ ಜೊತೆ ಒಂದು ಮಧ್ಯಾಹ್ನ, ಒಂದೇ ಯೂನಿಟ್. ಹೆಸರಿಗೆ ತಕ್ಕ ಹಾಗೆ ನಾನು ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮುಂದಿನ ವಾರ ಅವರು ಏನು ಪಾಠ ಮಾಡಬೇಕೋ ಅದನ್ನೇ ತೆಗೆಯುತ್ತೇವೆ.

ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯೊಬ್ಬರ ಜೊತೆ ಹೀಗೆ ಕೂತೆ. ಅವರಿಗೆ ಬೇಕಿದ್ದದ್ದು ಬೇಡಿಕೆ ಮತ್ತು ಪೂರೈಕೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಅರ್ಥಶಾಸ್ತ್ರ ಪುಸ್ತಕದಲ್ಲಿ ಆ ಅಧ್ಯಾಯ ತುಂಬಾ ಚೆನ್ನಾಗಿದೆ, ಆದರೆ ಉದಾಹರಣೆ ಪೆಟ್ರೋಲ್, ಅದೂ ಡಾಲರಿನಲ್ಲಿ, ಗ್ಯಾಲನ್ ಲೆಕ್ಕದಲ್ಲಿ. ಅವರು ಅದನ್ನು ನೋಡಿ, "ಮೇಡಂ, ಇದನ್ನ ಆಲೂಗಡ್ಡೆ ಮಾಡೋಣ" ಎಂದರು. ನನಗೆ ಖುಷಿಯಾಯಿತು. ಹಾಸನದಲ್ಲಿ ಆಲೂಗಡ್ಡೆಗಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತೆ? ಗ್ಯಾಲನ್ ಹೋಗಿ 50 ಕೆಜಿ ಚೀಲ ಬಂತು. ಬೆಲೆ ಏರಿದಾಗ ಕೊಳ್ಳುವ ಚೀಲ ಕಡಿಮೆಯಾದರೆ ಅದು ಬೇಡಿಕೆಯ ರೇಖೆಯ ಮೇಲಿನ ಓಡಾಟ. ಮಳೆ ಹಿಡಿದು ಅಂಗಮಾರಿ ರೋಗ ಬಿದ್ದು ಬೆಳೆ ಹೋದರೆ ಪೂರೈಕೆಯ ರೇಖೆಯೇ ಎಡಕ್ಕೆ ಸರಿಯುತ್ತದೆ. ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆ ದುಬಾರಿಯಾದರೂ ಎಡಕ್ಕೇ. ಎಪಿಎಂಸಿ ಯಾರ್ಡಿನಲ್ಲಿ ಅಪ್ಪನ ಜೊತೆ ನಿಂತು ಚೀಲ ಎಣಿಸಿದ ಹುಡುಗರು ಆ ಕ್ಲಾಸಿನಲ್ಲಿ ಇದ್ದರು. ರೇಖೆ ಯಾಕೆ ಸರಿಯುತ್ತದೆ ಅಂತ ಅವರೇ ಹೇಳಿದರಂತೆ. ನಮಗೆ ಹಿಡಿದದ್ದು ಸುಮಾರು ಮೂರು ಗಂಟೆ. ಅಧ್ಯಾಯದ ವಿವರಣೆ, ಚಿತ್ರ, ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಾಗೇ ಉಳಿಯಿತು.

ನನ್ನ ವಿಷಯದಲ್ಲೂ ಹೀಗೇ ಮಾಡಿದೆ. ಓಪನ್‌ಸ್ಟ್ಯಾಕ್ಸ್‌ನ ಭೌತಶಾಸ್ತ್ರ ಪುಸ್ತಕದ ಗುರುತ್ವ ಅಧ್ಯಾಯದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವೇಗ ಲೆಕ್ಕ ಹಾಕುವ ಒಂದು ಉದಾಹರಣೆ ಇದೆ. ಅದನ್ನು ಇಟ್ಟುಕೊಂಡೇ ಇನ್ನೊಂದು ಸೇರಿಸಿದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, 1982ರಿಂದ. ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಆ ದೊಡ್ಡ ಆಂಟೆನಾ ಯಾಕೆ ಹಗಲೂ ರಾತ್ರಿ ಹೆಚ್ಚುಕಡಿಮೆ ಒಂದೇ ಕಡೆ ಮುಖ ಮಾಡಿರುತ್ತದೆ? ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಮೀ ಮೇಲೆ, ಒಂದು ಸುತ್ತಿಗೆ ಒಂದೂವರೆ ಗಂಟೆ. ಭೂಸ್ಥಿರ ಉಪಗ್ರಹ ಸುಮಾರು 35,786 ಕಿಮೀ ಮೇಲೆ, ಅದರ ಒಂದು ಸುತ್ತಿಗೆ ಭೂಮಿ ತನ್ನ ಸುತ್ತ ತಾನೇ ಒಮ್ಮೆ ತಿರುಗುವಷ್ಟೇ ಹೊತ್ತು. ಸೂತ್ರ ಒಂದೇ. ದಿನಾ ಬಸ್ಸಿನಲ್ಲಿ ಆ ಕಡೆ ಓಡಾಡುವ ಮಕ್ಕಳಿಗೆ ಆ ಸೂತ್ರ ಬೇರೆಯೇ ಆಗಿ ಕಂಡಿತು.

ಪರವಾನಗಿ ವಿಷಯದಲ್ಲಿ ಒಂದು ತಪ್ಪು ನನ್ನಿಂದಲೇ ಆಯಿತು, ನಿಮಗೆ ಆಗದಿರಲಿ ಅಂತ ಹೇಳುತ್ತೇನೆ. ಒಂದು ಒಳ್ಳೆಯ ಉಪನ್ಯಾಸವನ್ನು ಕನ್ನಡಕ್ಕೆ ಮಾಡಿ ಹಂಚಿದೆ. ಆಮೇಲೆ ನೋಡಿದರೆ ಅದರ ಪರವಾನಗಿಯಲ್ಲಿ ಎನ್‌ಡಿ ಅನ್ನುವ ಷರತ್ತು ಇತ್ತು. ಎನ್‌ಡಿ ಇದ್ದರೆ ಹಾಗೇ ಹಂಚಬಹುದು, ಬದಲಾಯಿಸಿ ಹಂಚುವ ಹಾಗಿಲ್ಲ, ಅನುವಾದವೂ ಬದಲಾವಣೆಯೇ. ಎಲ್ಲರಿಂದ ವಾಪಸ್ ತೆಗೆಸಿದೆ. ನಮ್ಮ ಕೆಲಸಕ್ಕೆ ಹೆಚ್ಚು ಸಲೀಸು ಸಿಸಿ ಬಿವೈ: ಹೆಸರು ಹೇಳಿ, ಬದಲಾವಣೆ ತಿಳಿಸಿ, ಮುಗಿಯಿತು. ಎಸ್‌ಎ ಇದ್ದರೆ ನೀವು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು, ಎನ್‌ಸಿ ಇದ್ದರೆ ದುಡ್ಡಿನ ಲಾಭಕ್ಕೆ ಬಳಸಬಾರದು. ಓಪನ್‌ಸ್ಟ್ಯಾಕ್ಸ್‌ನಲ್ಲೂ ಎಲ್ಲ ಪುಸ್ತಕ ಒಂದೇ ಥರ ಇಲ್ಲ, ಕ್ಯಾಲ್ಕುಲಸ್ ಪುಸ್ತಕದ್ದು ಎನ್‌ಸಿ-ಎಸ್‌ಎ. ಪುಸ್ತಕದ ಮೊದಲ ಪುಟಗಳನ್ನು ನೋಡಿಯೇ ಕೈ ಹಾಕಿ.

ಮೂರನ್ನೂ ಪಕ್ಕಪಕ್ಕ ಇಟ್ಟರೆ, ಕಾರ್ಯಾಗಾರ ಒಂದು ದಿನದಲ್ಲಿ ತುಂಬಾ ಜನರನ್ನು ಮುಟ್ಟುತ್ತದೆ, ಅಳುಕು ಬಿಡಿಸುತ್ತದೆ, ಪಾಠವನ್ನು ಬದಲಿಸುವುದಿಲ್ಲ. ಪೆನ್‌ಡ್ರೈವ್‌ಗೆ ಖರ್ಚು ತೀರಾ ಕಡಿಮೆ, ಆದರೆ ಸಿದ್ಧ ಸಾಮಗ್ರಿ ಇರುವ ವಿಷಯಕ್ಕೇ ಸರಿ. ಪಕ್ಕದ ಕುರ್ಚಿ ನಿಧಾನ, ವರ್ಷಕ್ಕೆ ಏಳೆಂಟು ಜನರಾದರೆ ಹೆಚ್ಚು, ನನ್ನ ಮಧ್ಯಾಹ್ನಗಳು ಅದಕ್ಕೇ ಹೋಗುತ್ತವೆ. ಆದರೆ ಹಾಗೆ ಕೂತವರಲ್ಲಿ ಹೆಚ್ಚಿನವರು ಮುಂದಿನ ಯೂನಿಟ್ ತಾವೇ ಮಾಡಿಕೊಂಡರು. ನನ್ನನ್ನು ಕೇಳಿದರೆ ಶುರು ಮಾಡಬೇಕಾದದ್ದು ಇಲ್ಲಿಂದಲೇ. ನಾಲ್ಕು ಜನರ ನಾಲ್ಕು ಯೂನಿಟ್ ತಯಾರಾದ ಮೇಲೆ ಪೆನ್‌ಡ್ರೈವ್‌ಗೆ ಹಾಕಿ, ಕಾರ್ಯಾಗಾರ ಕೊನೆಗೆ ಇಡಿ, ಅದರಲ್ಲಿ ಮಾತಾಡುವುದು ಆ ನಾಲ್ಕು ಜನರೇ ಇರಲಿ. ನಾನು ಇದನ್ನು ಹಿಂದುಮುಂದಾಗಿ ಮಾಡಿ ಒಂದು ವರ್ಷ ಕಳೆದೆ.

ಇನ್ನೊಂದು ಮಾತು ಪ್ರಿನ್ಸಿಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ. ಯುಜಿಸಿಯ 2018ರ ನಿಯಮದಲ್ಲಿ ಇ-ಕಂಟೆಂಟ್ ತಯಾರಿಸಿದವರಿಗೆ ಬಡ್ತಿಯ ಅಂಕ ಇದೆ. ಇದ್ದದ್ದನ್ನು ಚೆನ್ನಾಗಿ ತಿದ್ದಿ ಬಳಸಿದವರ ಕೆಲಸವನ್ನು ಕಾಲೇಜಿನ ಮಟ್ಟದಲ್ಲಾದರೂ ಲೆಕ್ಕಕ್ಕೆ ಹಿಡಿಯಿರಿ. ವಾರದಲ್ಲಿ ಎರಡು ಗಂಟೆ ಬಿಡುವು ಕೊಟ್ಟರೂ ಸಾಕು.

ಆ ಆಲೂಗಡ್ಡೆ ಪಾಠವನ್ನು ನಮ್ಮ ಉಪನ್ಯಾಸಕಿ ಅರಸೀಕೆರೆ ಕಡೆಯ ಒಂದು ಕಾಲೇಜಿನಲ್ಲಿರುವ ಗೆಳತಿಗೆ ಕಳಿಸಿದ್ದರು. ಹೋದ ತಿಂಗಳು ಅದು ವಾಪಸ್ ಬಂತು. ಆಲೂಗಡ್ಡೆ ಪಕ್ಕದಲ್ಲಿ ಉಂಡೆ ಕೊಬ್ಬರಿ ಕೂತಿತ್ತು, ಕ್ವಿಂಟಲ್ ಲೆಕ್ಕದಲ್ಲಿ. ಹೊಸದಾಗಿ ಒಂದು ಪುಟವೂ ಇತ್ತು: ಆಲೂಗಡ್ಡೆ ಬೇಗ ಕೊಳೆಯುತ್ತದೆ, ಬಂದ ಬೆಲೆಗೆ ಮಾರಲೇಬೇಕು, ಕೊಬ್ಬರಿಯನ್ನು ಅಟ್ಟದ ಮೇಲಿಟ್ಟು ಬೆಲೆಗೆ ಕಾಯಬಹುದು, ಹಾಗಾದರೆ ಎರಡರ ಪೂರೈಕೆಯ ರೇಖೆ ಹೇಗೆ ಬೇರೆ? ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಪುಟದ ಕೆಳಗೆ ರೈಸ್ ವಿಶ್ವವಿದ್ಯಾಲಯದ ಪುಸ್ತಕದ ಹೆಸರು, ಅದರ ಕೆಳಗೆ ನಮ್ಮವರ ಹೆಸರು, ಅದರ ಕೆಳಗೆ ಆ ಗೆಳತಿಯ ಹೆಸರು, ಸಿಸಿ ಬಿವೈ. ಈ ಸೆಮಿಸ್ಟರಿಗೆ ನಾವು ಅದನ್ನೇ ಜೆರಾಕ್ಸಿಗೆ ಕೊಟ್ಟಿದ್ದೇವೆ.